ಜೀವಕೋಶದ ಹೊಸ್ತಿಲನ್ನರಿತ ವಿಜ್ಞಾನಿ: ಡಾ. ಎಂ. ಜೆ. ತಿರುಮಲಾಚಾರ್

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಸಂಜೆಯ ವೇಳೆ ಹೂವು ಹಣ್ಣುಗಳ ಸಾಲನ್ನು ದಾಟಿ ಔಷಧದ ಅಂಗಡಿಯೊಂದರ ಮುಂದೆ ನಿಂತರೆ, ಬರಿಯ ನೆಗಡಿಗೆ ವೈದ್ಯರ ಚೀಟಿಯಿಲ್ಲದೆಯೇ ಎರಡು ಆಂಟಿಬಯೋಟಿಕ್ ಮಾತ್ರೆಗಳನ್ನು ಕೇಳುವವರು ಕಾಣಸಿಗುವುದುಂಟು. ಮಾತ್ರೆ ಹೊಟ್ಟೆಗೆ ಸೇರಿದೊಡನೆ ಕಾರ್ಯ ಮುಗಿಯಿತೆಂಬುದು ಲೋಕದ ಭಾವನೆ. ಆದರೆ ಆ ಔಷಧಕ್ಕೆ ಇನ್ನೊಂದು ಹೊಸ್ತಿಲು ಎದುರಾಗುತ್ತದೆ. ಅದು ರೋಗಾಣುವಿನ ಜೀವಕೋಶದ ಹೊಸ್ತಿಲು. ಆ ಹೊಸ್ತಿಲಿನ ಮೇಲೆಯೇ ಕೆಲಸಮಾಡುವ ಔಷಧಗಳನ್ನು ಲೋಕಕ್ಕೆ ಕೊಟ್ಟ ಕನ್ನಡನಾಡಿನ ಮಹನೀಯರೊಬ್ಬರನ್ನು ನಮ್ಮ ಶಾಲೆಯ ಈ ಸ್ಮರಣಸಂಪುಟದಲ್ಲಿ ನೆನೆಯುವುದು ಉಚಿತವಾಗಿದೆ.

ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ಯರು ಜನಿಸಿದುದು 1914ನೆಯ ಇಸವಿಯ ಸೆಪ್ಟೆಂಬರ್ 22ರಂದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ಅವರು ಅಧ್ಯಾಪನ ಮಾಡಿದರು. ಶಿಲೀಂಧ್ರಗಳ ಅಧ್ಯಯನವೇ ಅವರ ಜೀವನದ ವ್ರತ. ಪೈರಿನ ಎಲೆಯ ಮೇಲೆ ಕಾಣುವ ತುಕ್ಕನ್ನೂ ತೆನೆಯನ್ನು ಕಪ್ಪಾಗಿಸುವ ಕಾಡಿಗೆರೋಗವನ್ನೂ ರೈತನು ಶಾಪವೆಂದು ಭಾವಿಸಿ ನಿಟ್ಟುಸಿರಿಟ್ಟರೆ, ಇವರು ಅದನ್ನೇ ಸೂಕ್ಷ್ಮದರ್ಶಕದ ಕೆಳಗಿರಿಸಿ ಅದರ ಕುಲಗೋತ್ರಗಳನ್ನು ನಿರ್ಣಯಿಸಿದರು. ಬಿ. ಬಿ. ಮುಂಡ್ಕೂರರೊಡನೆ ಇವರು ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತು ರಚಿಸಿದ ಗ್ರಂಥವು 1952ರಲ್ಲಿ ಇಂಗ್ಲೆಂಡಿನ ಕ್ಯೂ ಎಂಬಲ್ಲಿಂದ ಪ್ರಕಟವಾಯಿತು.

ಸಸ್ಯದ ರೋಗವನ್ನರಿತ ಈ ವಿದ್ವಾಂಸರನ್ನು ಮನುಷ್ಯನ ರೋಗದ ಕಡೆಗೆ ತಿರುಗಿಸಿದುದು ಪುಣೆಯ ಬಳಿಯ ಪಿಂಪ್ರಿ. ಅಲ್ಲಿ 1954ರಲ್ಲಿ ಸ್ಥಾಪನೆಗೊಂಡ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಎಂಬ ಸರ್ಕಾರೀ ಸಂಸ್ಥೆಯು ಮರುವರ್ಷವೇ ಪೆನಿಸಿಲಿನ್ ತಯಾರಿಕೆಯನ್ನು ಆರಂಭಿಸಿತು. ಅದರ ಸಂಶೋಧನ ವಿಭಾಗಕ್ಕೆ ತಿರುಮಲಾಚಾರ್ಯರು ಮುಖ್ಯಸ್ಥರಾದರು. ಬ್ಯಾಕ್ಟೀರಿಯಗಳ ಕೋಶಭಿತ್ತಿಯ ನಿರ್ಮಾಣವನ್ನು ಪೆನಿಸಿಲಿನ್ ಕೆಡಿಸುತ್ತದೆ. ಶಿಲೀಂಧ್ರಕ್ಕೆ ಅಂತಹ ಭಿತ್ತಿಯೇ ಇಲ್ಲವಾದುದರಿಂದ ಅದರ ಮುಂದೆ ಆ ಔಷಧ ನಿಷ್ಫಲ. ಆದುದರಿಂದ ಬೇರೆಯೇ ಆಯುಧ ಬೇಕಾಗಿತ್ತು.

ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ ಎಂಬ ಸೂಕ್ಷ್ಮಜೀವಿಯಿಂದ ತಿರುಮಲಾಚಾರ್ಯರೂ ಸಹೋದ್ಯೋಗಿಗಳೂ ಪಡೆದ ಹ್ಯಾಮೈಸಿನ್ ಎಂಬ ಔಷಧದ ವಿವರ 1961ರಲ್ಲಿ ಪ್ರಕಟವಾಯಿತು. ಆ ಜೀವಿಯ ಹೆಸರಿನಲ್ಲಿ ಪಿಂಪ್ರಿ ಎಂಬ ಊರು ಶಾಶ್ವತವಾಗಿ ನಿಂತಿತು. ಹ್ಯಾಮೈಸಿನ್ ಪಾಲಿಯೀನ್ ವರ್ಗಕ್ಕೆ ಸೇರಿದ ಔಷಧ. ಈ ವರ್ಗದ ಔಷಧಗಳಿಗೆ ಕೋಶದ ಒಳಹೊಕ್ಕು ಹುಡುಕಾಡುವ ಅಗತ್ಯವಿಲ್ಲ. ಶಿಲೀಂಧ್ರದ ಕೋಶಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಶವಿದೆ. ಔಷಧದ ಕಣಗಳು ಅದಕ್ಕೆ ಅಂಟಿಕೊಂಡು ಪೊರೆಯನ್ನು ಶಿಥಿಲಗೊಳಿಸುತ್ತವೆ. ಆಗ ಒಳಗಿನ ಪೊಟ್ಯಾಸಿಯಂ ಮೊದಲಾದವು ಹೊರಗೆ ಸೋರಿ, ಕೋಶವು ತೂತುಬಿದ್ದ ಕೊಡದಂತೆ ಬರಿದಾಗುತ್ತದೆ. ಮನುಷ್ಯನ ಕೋಶಪೊರೆಯಲ್ಲಿರುವುದು ಕೊಲೆಸ್ಟೆರಾಲ್. ಈ ಅಂತರವೇ ರೋಗಿಗೆ ರಕ್ಷೆ. ಆದರೂ ಅಂತರ ಬಹು ಸ್ವಲ್ಪವಾದುದರಿಂದ ಇಂತಹ ಔಷಧಗಳು ದೇಹಕ್ಕೂ ಸ್ವಲ್ಪಮಟ್ಟಿಗೆ ವಿಷವೇ ಆಗಬಲ್ಲವು. ಇವನ್ನು ಬಳಸುವಲ್ಲಿ ವಿವೇಕ ಅವಶ್ಯ.

ಪಿಂಪ್ರಿಯಲ್ಲಿಯೇ ಡರ್ಮೊಸ್ಟಾಟಿನ್ ಮತ್ತು ಆರಿಯೊಫಂಜಿನ್ ಬೆಳಕು ಕಂಡವು. ಇವುಗಳಲ್ಲಿ ಆರಿಯೊಫಂಜಿನ್ ಬೆಳೆಗಳಿಗೆ ತಗಲುವ ಶಿಲೀಂಧ್ರರೋಗಗಳ ನಿವಾರಣೆಗೆ ಬಂದಿತು. ಎಲೆಯ ಮೇಲೆ ಶಾಪವೆನಿಸಿದ್ದ ರೋಗವನ್ನು ಅರಿತ ಜ್ಞಾನವು ಹೀಗೆ ರೈತನ ಹೊಲಕ್ಕೇ ಮರಳಿತು. 1967ರಲ್ಲಿ ವೈದ್ಯವಿಜ್ಞಾನಕ್ಕಾಗಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತು. 1968ರಲ್ಲಿ ಅವರು ಆಂಟಿಅಮೀಬಿನ್ ಎಂಬ ಮತ್ತೊಂದು ವಸ್ತುವನ್ನು ವರದಿಮಾಡಿದರು. ಇದೂ ಕೋಶಪೊರೆಯ ಮೂಲಕ ಅಯಾನುಗಳಿಗೆ ದಾರಿಮಾಡಿಕೊಡುವಂತಹುದು. ಮೂವತ್ತು ವರ್ಷಗಳ ತರುವಾಯ, 1998ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ ಅವರೂ ಅಮೆರಿಕದ ಇಸಬೆಲ್ಲಾ ಕಾರ್ಲೆ ಅವರೂ ಸಂಗಡಿಗರೊಡನೆ ಅದರ ಹರಳುರಚನೆಯನ್ನು ಪ್ರಕಟಿಸಿದರು. ತಿರುಮಲಾಚಾರ್ಯರು ಪಾಠ ಹೇಳಿದ ಊರಿನಲ್ಲಿಯೇ ಅವರ ಶೋಧದ ಮುಂದಿನ ಅಧ್ಯಾಯದ ಒಂದು ಭಾಗ ನಡೆಯಿತು. ಮರುವರ್ಷ, 1999ರ ಏಪ್ರಿಲ್ 21ರಂದು, ಅವರು ದೂರದ ಕ್ಯಾಲಿಫೋರ್ನಿಯದಲ್ಲಿ ದೇಹವನ್ನು ಬಿಟ್ಟರು.

ರೋಗಾಣುಗಳು ಮಾತ್ರ ಸುಮ್ಮನೆ ಕುಳಿತಿಲ್ಲ. ಹಲವು ಬ್ಯಾಕ್ಟೀರಿಯಗಳು ಔಷಧ ನುಸುಳುವ ಹೊರಪೊರೆಯ ಕಿರುಗಂಡಿಗಳನ್ನು ಕಡಿಮೆಮಾಡಿಕೊಳ್ಳಬಲ್ಲವು. ಒಳಬಂದುದನ್ನು ಪಂಪಿನಂತೆ ಹೊರಗೆ ಎತ್ತಿಹಾಕಲೂ ಬಲ್ಲವು. ಟೆಟ್ರಾಸೈಕ್ಲಿನ್ ಔಷಧವನ್ನು ಅವು ಹೀಗೆ ಹೊರದೂಡುವುದನ್ನು ಅಮೆರಿಕದ ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು 1980ರಲ್ಲಿ ತೋರಿಸಿಕೊಟ್ಟರು. ಶಿಲೀಂಧ್ರಗಳಲ್ಲಿಯೂ ಇಂತಹ ಪಂಪುಗಳುಂಟು. ಪಾಲಿಯೀನುಗಳನ್ನು ಎದುರಿಸಲು ಕೆಲವು ತಮ್ಮ ಪೊರೆಯ ಎರ್ಗೊಸ್ಟೆರಾಲನ್ನೇ ಬದಲಿಸಿಕೊಳ್ಳುತ್ತವೆ. ಅನಗತ್ಯವಾಗಿಯೂ ಸಾಲದ ಪ್ರಮಾಣದಲ್ಲಿಯೂ ನುಂಗಿದ ಮಾತ್ರೆಯು ದುರ್ಬಲ ರೋಗಾಣುಗಳನ್ನು ಕೊಂದು, ಹೀಗೆ ಬಲಿತವುಗಳಿಗೆ ಬೆಳೆಯಲು ಎಡೆಮಾಡಿಕೊಡುತ್ತದೆ. ಗಾಂಧಿ ಬಜಾರಿನ ಅಂಗಡಿಯಲ್ಲಿ ನೆಗಡಿಗಾಗಿ ಕೊಂಡ ಎರಡು ಮಾತ್ರೆಗಳು ನೆಗಡಿಯ ವೈರಸ್ಸನ್ನು ಏನೂ ಮಾಡಲಾರವು. ಅದರ ಫಲವನ್ನು ನಾಳೆ ನೆರೆಮನೆಯ ಮಗು ಅನುಭವಿಸಬೇಕಾದೀತು.

ಕಾಯಕದಿಂದ ಪಡೆದುದು ಸಮಾಜಕ್ಕೆ ದಾಸೋಹವಾಗಿ ಸಲ್ಲಬೇಕೆಂಬುದು ಶರಣರ ಮಾರ್ಗ. ತಿರುಮಲಾಚಾರ್ಯರ ಶ್ರಮವು ಹೀಗೆಯೇ ಸಂದಿತು. ಹಾಗೆ ಬಂದ ನಿಧಿಯನ್ನು ದುಂದುಮಾಡದಂತೆ ಮಕ್ಕಳಿಗೆ ತಿಳಿಸುವುದು ಅಧ್ಯಾಪಕರ ಹೊಣೆ. ಶಾಲೆಯ ಪ್ರಯೋಗಶಾಲೆಗೆ ಸೂಕ್ಷ್ಮದರ್ಶಕವೊಂದನ್ನು ದೊರಕಿಸುವುದು ದಾನಿಗಳ ಪುಣ್ಯ. ತುಕ್ಕುಹಿಡಿದ ಎಲೆಯನ್ನು ಅದರ ಕೆಳಗಿಟ್ಟು ನೋಡುವ ಬಾಲಕನೋ ಬಾಲಕಿಯೋ ಮುಂದೆ ಯಾವ ಹೊಸ್ತಿಲನ್ನು ದಾಟುವರೆಂದು ಬಲ್ಲವರಾರು?