ಇಬ್ನ್ ಮುಕ್ಲಾ: ಅಕ್ಷರಕ್ಕೆ ಅಳತೆ ಕೊಟ್ಟ ವಜೀರ

ರಾವೂರ, ವಾಡಿ, ಶಹಾಬಾದ ಕಡೆಯ ನಮ್ಮ ಹುಡುಗರು ಡಿಟಿಪಿ ಕಲಿಯಲು ಕುಳಿತಾಗ ಕೋರಲ್‌ಡ್ರಾದಲ್ಲಿ ಮೊದಲು ತೊಡಕಾಗುವುದು ಬಾಗು ಗೆರೆ. ಲಗ್ನಪತ್ರಿಕೆಯ ಉರ್ದು ಹೆಸರಿನ ಸುತ್ತ ಗೆರೆ ಎಳೆಯುವಾಗ ಹೆಜ್ಜೆಗೊಂದು ನೋಡ್ ಹಾಕುತ್ತಾರೆ. ಅಕ್ಷರ ಕಬ್ಬಿನ ಜಲ್ಲೆಯಂತೆ ಗಂಟುಗಂಟಾಗುತ್ತದೆ. ಬಾಗು ಎಲ್ಲಿ, ಮೂಲೆ ಎಲ್ಲಿ ಎಂಬ ಲೆಕ್ಕವನ್ನು ಸಾವಿರ ವರ್ಷಗಳ ಹಿಂದೆ ಜೊಂಡಿನ ಕಲಮಿನಲ್ಲೇ ಹಿಡಿದವರು ಬಗ್ದಾದಿನ ಅಬೂ ಅಲಿ ಮುಹಮ್ಮದ್ ಇಬ್ನ್ ಮುಕ್ಲಾ.

ಕ್ರಿ.ಶ. 886ರ ಸುಮಾರಿಗೆ ಹುಟ್ಟಿದ ಅವರು ಕಂದಾಯ ವಸೂಲಿಯ ನೌಕರಿಯಿಂದ ಮೇಲೇರಿ 928ರಲ್ಲಿ ಖಲೀಫಾ ಅಲ್ ಮುಕ್ತದಿರರ ವಜೀರರಾದರು. ಮುಂದೆ ಅಲ್ ಕಾಹಿರ್, ಅಲ್ ರಾದಿ ಇವರಿಗೂ ವಜೀರರಾಗಿದ್ದರು. ಆದರೆ ಅವರ ಹೆಸರು ಉಳಿದದ್ದು ಬರಹದಿಂದ.

ಅವರ ಕ್ರಮ ಸರಳವಾದದ್ದು. ಕಲಮಿನ ತುದಿಯನ್ನು ಒಮ್ಮೆ ಒತ್ತಿದರೆ ಮೂಡುವ ಚೌಕುಳಿ ಚುಕ್ಕೆಯೇ ಅಳತೆ. ಅಲಿಫ್ ಅಂಥ ಇಂತಿಷ್ಟು ಚುಕ್ಕೆ ಉದ್ದ. ಆ ಅಲಿಫನ್ನು ವ್ಯಾಸವಾಗಿಟ್ಟು ಎಳೆದ ವೃತ್ತದಿಂದ ಉಳಿದ ಅಕ್ಷರಗಳು ಹುಟ್ಟುತ್ತವೆ: ರೇ ವೃತ್ತದ ಕಾಲುಭಾಗ, ನೂನ್ ಅರ್ಧಭಾಗ. ದಾಲ್‌ಗೆ ಮಾತ್ರ ಮೂಲೆ ಬೇಕು, ಅಲ್ಲಿ ಎರಡು ಗೆರೆ ಕೂಡುತ್ತವೆ.

ಇದನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡಿರಿ. ಪೂರ್ಣ ವೃತ್ತಕ್ಕೆ ನಾಲ್ಕೇ ನೋಡ್ ಸಾಕು, ಹ್ಯಾಂಡಲಿನ ಉದ್ದ ತ್ರಿಜ್ಯದ 0.55ರಷ್ಟು. ನೂನ್ ಬಟ್ಟಲಿನ ತಳದಲ್ಲಿ ಸ್ಮೂತ್ ನೋಡ್ ಇಟ್ಟರೆ ಎರಡೂ ಹ್ಯಾಂಡಲುಗಳು ಒಂದೇ ಗೆರೆಯಲ್ಲಿ ನಿಂತು ಬಾಗು ಮುರಿಯದು. ದಾಲ್‌ನ ಮೂಲೆಗೆ ಕಸ್ಪ್ ನೋಡ್. ಅದರ ಹ್ಯಾಂಡಲುಗಳು ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಈ ಬಾಗಿನ ಗಣಿತ ಕಂಡದ್ದು 1960ರ ಆಸುಪಾಸಿನಲ್ಲಿ, ಫ್ರಾನ್ಸಿನ ಕಾರು ಕಂಪನಿಗಳ ಡಿ ಕಾಸ್ಟಲ್ಜೋ ಮತ್ತು ಬೆಜಿಯೆ ಅವರಿಗೆ.

ಇಬ್ನ್ ಮುಕ್ಲಾರ ಕೊನೆಗಾಲ ದಾರುಣ. 936ರಲ್ಲಿ ಅಧಿಕಾರ ಹೋಯಿತು. ಆಗ ಪ್ರಬಲನಾಗಿದ್ದ ಇಬ್ನ್ ರಾಇಕ್‌ನ ವಿರುದ್ಧ ಒಳಸಂಚು ನಡೆಸಿದರೆಂದು ಅವರ ಬಲಗೈ ಕಡಿಸಲಾಯಿತು. ಮೊಂಡುಗೈಗೆ ಕಲಮು ಕಟ್ಟಿಕೊಂಡು ಬರೆದರೆಂದು ಇತಿಹಾಸಕಾರರು ಹೇಳುತ್ತಾರೆ. ಆಮೇಲೆ ನಾಲಿಗೆಯನ್ನೂ ಕತ್ತರಿಸಿದರು. 940ರಲ್ಲಿ ಸೆರೆಯಲ್ಲೇ ತೀರಿಕೊಂಡರು. ನಿಸ್ಸಂದೇಹವಾಗಿ ಅವರದೇ ಎನ್ನಬಹುದಾದ ಒಂದು ಹಾಳೆಯೂ ಇಂದು ಉಳಿದಿಲ್ಲ.

ಅವರ ಅಳತೆ ಮಾತ್ರ ಸಾಯಲಿಲ್ಲ. ಇಬ್ನ್ ಅಲ್ ಬವ್ವಾಬ್ ಅದನ್ನು ತಿದ್ದಿ ಬೆಳೆಸಿದರು, ಯಾಕೂತ್ ಅಲ್ ಮುಸ್ತಅಸಿಮಿ ಇನ್ನಷ್ಟು ನಯಗೊಳಿಸಿದರು. ಅಲ್ಲಿಂದ ಅದು ಇರಾನಿನ ಮೂಲಕ ಬಹಮನಿ ಸುಲ್ತಾನರ ಬೀದರಿಗೂ ಬಂತು. 1472ರ ಮಹಮೂದ್ ಗವಾನ್ ಮದರಸಾದ ಹೆಂಚುಗಳ ಮೇಲೆ, ಅಷ್ಟೂರಿನ ಅಹಮದ್ ಶಾಹ್ ವಲಿ ಗುಮ್ಮಟದ ಒಳಗೋಡೆಯ ಮೇಲೆ ಆ ಬಾಗುಗಳು ಈಗಲೂ ಇವೆ. ನಮ್ಮ ಊರಿನಿಂದ ಬೀದರ ದೂರವೇನಲ್ಲ. ಹೋದಾಗ ಒಂದು ನೂನನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬನ್ನಿ, ಎಷ್ಟು ಕಡಿಮೆ ನೋಡುಗಳಲ್ಲಿ ಅದು ಕೂಡುತ್ತದೆ ನೋಡೋಣ.