ಬಿ. ಎಲ್. ರೈಸರೂ ಮಾತಿನ ನೆರೆಹೊರೆಯೂ

ಮನುಷ್ಯನ ನಡತೆಯನ್ನು ಅವನು ಬಳಸಿದ ಮಾತುಗಳಿಂದ ಅರಿಯುವ ಹೊಸ ವಿದ್ಯೆಯೊಂದು ಸಮಾಜಶಾಸ್ತ್ರದಲ್ಲಿ ಬೆಳೆದಿದೆ. ರಾಶಿ ರಾಶಿ ಬರಹದಲ್ಲಿ ಒಂದು ಪದದ ಅಕ್ಕಪಕ್ಕ ಯಾವ ಪದಗಳು ಬರುತ್ತವೆಂಬುದನ್ನು ಗಣಕಯಂತ್ರವು ನೋಡಿ, ಆ ಪದವನ್ನು ಅಂಕಿಗಳ ಸಾಲಾಗಿ ಮಾರ್ಪಡಿಸುತ್ತದೆ. ಒಂದೇ ಬಗೆಯ ಸಹವಾಸವುಳ್ಳ ಪದಗಳ ಸಾಲುಗಳು ಒಂದಕ್ಕೊಂದು ಹತ್ತಿರವಾಗುತ್ತವೆ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿದ್ವಾಂಸರು ನೂರು ವರ್ಷಗಳ ಇಂಗ್ಲಿಷ್ ಬರಹವನ್ನು ಹೀಗೆ ಪರೀಕ್ಷಿಸಿ, ಸ್ತ್ರೀಯರಿಗೆ ಯಾವ ಉದ್ಯೋಗ ತಕ್ಕುದೆಂಬ ಜನರ ಭಾವನೆ ದಶಕದಿಂದ ದಶಕಕ್ಕೆ ಬದಲಾದುದನ್ನು ತೋರಿಸಿದರು. ಇದನ್ನು ಓದಿದಾಗ ನನಗೆ ನೆನಪಾದವರು ಬೆಂಜಮಿನ್ ಲೂಯಿ ರೈಸರು.

ರೈಸರು ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಹಿಂದಿರುಗಿದ ಅವರು, ಮುಂದೆ ಸೆಂಟ್ರಲ್ ಕಾಲೇಜಾದ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಬಳಿಕ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾದರು. ಶಾಲೆಗಳ ತನಿಖೆಗೆಂದು ಊರೂರು ಸುತ್ತುವಾಗ ಕಲ್ಬರಹಗಳು ಅವರ ಮನಸ್ಸನ್ನು ಸೆಳೆದುವು. ಪುರಾತತ್ತ್ವ ಇಲಾಖೆಯ ಹೊಣೆ ಹೊತ್ತು ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದರು.

1901ರಲ್ಲಿ ಹೊರಬಂದ ಆರನೆಯ ಸಂಪುಟ ನಮ್ಮದು: ಅಂದಿನ ಕಡೂರು ಜಿಲ್ಲೆಯದು. ಕಡೂರು, ತರೀಕೆರೆ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಅಜ್ಜಂಪುರ ಆಗ ತರೀಕೆರೆಗೆ ಸೇರಿತ್ತು. ಅಮೃತಾಪುರದ ದೇವಾಲಯದ ಹೊಯ್ಸಳ ಶಾಸನವೂ ಅಲ್ಲಿದೆ. ರೈಸರು ಶಾಸನಪಾಠವನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಕೊಟ್ಟು, ಇಂಗ್ಲಿಷ್ ಅನುವಾದವನ್ನೂ ಸೇರಿಸಿ, ತಾಲ್ಲೂಕು, ಊರು, ಕಾಲಗಳನ್ನು ಗುರುತಿಸಿದರು. ಈ ಗುರುತಿನಿಂದಲೇ ಮಾತಿಗೆ ಬೆಲೆ. ವೀರಗಲ್ಲುಗಳಲ್ಲಿ ತುರುವಿನ ಬಳಿ ಕಾದಾಟವೂ ಸಾವೂ ನಿಲ್ಲುತ್ತವೆ. ದತ್ತಿಯ ಶಾಸನಗಳಲ್ಲಿ ದೇವರ ಬಳಿ ಕೆರೆಯೂ ಗದ್ದೆಯೂ ನಿಲ್ಲುತ್ತವೆ. ಯಾವ ಕಾಲದಲ್ಲಿ ಜನ ಯಾವುದಕ್ಕಾಗಿ ಪ್ರಾಣ ಕೊಟ್ಟರು, ಯಾವುದಕ್ಕಾಗಿ ಭೂಮಿ ಕೊಟ್ಟರು ಎಂಬುದನ್ನು ಈ ನೆರೆಹೊರೆಯೇ ಹೇಳುತ್ತದೆ.

ಆದರೆ ಕಲ್ಲು ಎಲ್ಲರ ಮಾತನ್ನೂ ಆಡದು. ದಾನ ಕೊಟ್ಟವನ ಹೆಸರುಂಟು; ಕೆರೆ ತೋಡಿದವನ, ನಾಟಿ ಮಾಡಿದವಳ ಹೆಸರು ಅಪರೂಪ. ಬರೆಯದೆ ಹೋದ ಮಾತನ್ನು ಯಾವ ಯಂತ್ರವೂ ಎಣಿಸಲಾರದು. ಬರಹದಲ್ಲಿ ಕಂಡದ್ದೇ ಇಡೀ ಸಮಾಜವೆಂದು ನಂಬಿದರೆ, ಉಳ್ಳವರ ಮಾತನ್ನೇ ಊರಿನ ಮಾತೆಂದು ಒಪ್ಪಿದಂತಾಗುತ್ತದೆ. ಹೊಸ ವಿದ್ಯೆಯನ್ನು ಕಲಿಯುವ ನಾವು ಮರೆಯಬಾರದ ಎಚ್ಚರವಿದು.

1906ರಲ್ಲಿ ನಿವೃತ್ತರಾದ ರೈಸರು 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಗಣಕಯಂತ್ರವನ್ನು ಅವರು ಕಂಡವರಲ್ಲ. ಆದರೆ ಯಂತ್ರಕ್ಕೆ ಉಣಿಸಬೇಕಾದ ಕಾಳನ್ನು ಊರೂರು ಅಲೆದು ಕೂಡಿಟ್ಟವರು. ನಮ್ಮ ಅಜ್ಜಿಯರ ಸೋಬಾನೆ, ಗಾದೆಗಳನ್ನು ಊರು, ಕಾಲಗಳ ಗುರುತಿನೊಡನೆ ಬರೆದಿಡುವ ಕೆಲಸ ನಮ್ಮ ಪಾಲಿಗೆ ಉಳಿದಿದೆ. ಕಲ್ಲು ಬಿಟ್ಟ ಮಾತು ಅಲ್ಲಿ ಸಿಕ್ಕೀತು.