ಆಚಾರ್ಯ ಬ್ರಜೇಂದ್ರನಾಥ ಶೀಲರು

ವಿದ್ವಾಂಸರೊಬ್ಬರ ಹೆಸರನ್ನು ತರಗತಿಯಲ್ಲಿ ಎತ್ತಿದೊಡನೆ ನಮ್ಮ ಕೊಟ್ಟೂರಿನ ಹುಡುಗರು ಕೇಳುವ ಮೊದಲ ಪ್ರಶ್ನೆ, ಅವರು ಬರೆದ ಗ್ರಂಥಗಳೆಷ್ಟು ಎಂಬುದು. ಪರೀಕ್ಷೆಯ ಭಯ ಹಾಗೆ ಕೇಳಿಸುತ್ತದೆ, ತಪ್ಪೆನ್ನಲಾರೆ. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಎರಡನೆಯ ಉಪಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅವರ ಪಾಂಡಿತ್ಯಕ್ಕೆ ಎಲ್ಲೆಯಿಲ್ಲವೆಂದು ಸಮಕಾಲೀನರು ಬೆರಗಾಗಿದ್ದರು. ಅವರು ಬಿಟ್ಟುಹೋದ ಪುಸ್ತಕಗಳಾದರೋ ಒಂದು ಕೈಚೀಲದಲ್ಲಿ ಹಿಡಿಸಿಯಾವು. ಇಷ್ಟು ಬಲ್ಲವರು ಇಷ್ಟೇ ಬರೆದರಲ್ಲಾ ಎಂದು ನಾನೂ ಬಹುಕಾಲ ಮರುಗಿದವನೇ.

ಶೀಲರು 1864ರಲ್ಲಿ ಕಲಕತ್ತೆಯಲ್ಲಿ ಜನಿಸಿದರು. ತಂದೆ ವಕೀಲರು, ಮಗನ ಎಳೆತನದಲ್ಲಿಯೇ ತೀರಿಕೊಂಡರು. ಕಾಲೇಜಿನಲ್ಲಿ ಶೀಲರ ಒಡನಾಡಿಯಾಗಿದ್ದ ನರೇಂದ್ರನಾಥ ದತ್ತರೇ ಮುಂದೆ ಸ್ವಾಮಿ ವಿವೇಕಾನಂದರಾದರು. 1884ರಲ್ಲಿ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿದ ಶೀಲರು ಅಧ್ಯಾಪಕರಾದರು. ಬಹರಂಪುರ, ಕೂಚ್ ಬಿಹಾರಗಳ ಕಾಲೇಜುಗಳಲ್ಲಿ ಪ್ರಾಂಶುಪಾಲರಾಗಿ ಹಲವು ವರ್ಷ ಕಳೆದರು. ದೊಡ್ಡ ನಗರದ ಗ್ರಂಥಾಲಯಗಳಿಂದ ದೂರವಾದ ಸಣ್ಣ ಊರಿನಲ್ಲಿ ಕುಳಿತು ಓದುವ ಮೇಷ್ಟರ ಪಾಡೇನೆಂಬುದು ನನಗೆ ಗೊತ್ತು. ಅಂಥ ಊರುಗಳಲ್ಲಿದ್ದೇ ಅವರು ಗಣಿತ, ಸಾಹಿತ್ಯ, ದರ್ಶನ, ಸಮಾಜಶಾಸ್ತ್ರಗಳನ್ನು ಅರಗಿಸಿಕೊಂಡರು. 1911ರಲ್ಲಿ ಲಂಡನ್ನಿನ ವಿಶ್ವ ಜನಾಂಗ ಸಮ್ಮೇಳನದಲ್ಲಿ ಜನಾಂಗ, ರಾಷ್ಟ್ರಗಳ ಅರ್ಥವನ್ನು ವಿವೇಚಿಸುವ ಪ್ರಬಂಧ ಅವರದಾಗಿತ್ತು.

ಅವರ ಮುಖ್ಯ ಗ್ರಂಥ 1915ರಲ್ಲಿ ಪ್ರಕಟವಾದ, ಪ್ರಾಚೀನ ಹಿಂದೂಗಳ ವಿಜ್ಞಾನಗಳನ್ನು ಕುರಿತದ್ದು. ವೈಶೇಷಿಕರ ಪರಮಾಣುವಾದ, ಸಾಂಖ್ಯರ ಸೃಷ್ಟಿಕ್ರಮ, ಚಲನೆ, ಶಬ್ದ, ಸಸ್ಯಪ್ರಾಣಿಗಳ ವರ್ಗೀಕರಣ, ಕೊನೆಗೆ ಪ್ರಮಾಣ ವಿಚಾರ ಎಲ್ಲವೂ ಅದರಲ್ಲಿವೆ. ಇದರ ರಸಾಯನ ಭಾಗವನ್ನು ಪ್ರಫುಲ್ಲಚಂದ್ರ ರಾಯರು ತಮ್ಮ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ಮೊದಲೇ ಸೇರಿಸಿಕೊಂಡಿದ್ದರು. ಸಕಲ ಶಾಸ್ತ್ರವೂ ವೇದದಲ್ಲಿದೆಯೆಂದು ಹೆಮ್ಮೆಪಡುವವರು ಈ ಪುಸ್ತಕವನ್ನು ಓದಬೇಕು. ಓದಿದರೆ ಅವರ ಸಡಗರ ತುಸು ಇಳಿದೀತು. ಹಿಂದಿನವರು ವಸ್ತುವನ್ನು ಹೇಗೆ ಪರೀಕ್ಷಿಸಿದರೆಂಬುದರ ಕಡೆಗೇ ಶೀಲರ ದೃಷ್ಟಿ.

ಎಚ್.ವಿ. ನಂಜುಂಡಯ್ಯನವರ ನಿಧನಾನಂತರ ತೆರವಾಗಿದ್ದ ಸ್ಥಾನಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಇವರನ್ನು ಕರೆಸಿಕೊಂಡರು. ಆ ಸಂದರ್ಭದಲ್ಲಿ ಒಂದು ಸ್ವಾರಸ್ಯವುಂಟು. ಕಲಕತ್ತೆಯಲ್ಲಿ ಶೀಲರು ಬಿಟ್ಟ ಪೀಠಕ್ಕೆ 1921ರಲ್ಲಿ ಹೋದವರು ಮೈಸೂರಿನ ಅಧ್ಯಾಪಕರಾಗಿದ್ದ ರಾಧಾಕೃಷ್ಣನ್ನರು.

ದಾರ್ಶನಿಕರನ್ನು ಕರೆಸಿದ ಮಹಾರಾಜರು ಅವರನ್ನು ವಿಶ್ವವಿದ್ಯಾನಿಲಯಕ್ಕಷ್ಟೇ ಮೀಸಲಿಡಲಿಲ್ಲ. 1922ರಲ್ಲಿ ಸಂಸ್ಥಾನದ ರಾಜ್ಯಾಂಗ ಸುಧಾರಣೆಯನ್ನು ಪರಿಶೀಲಿಸುವ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದರು. 1881ರಿಂದ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಗೆ ಅದುವರೆಗೆ ಕಾನೂನಿನ ಆಧಾರವೇ ಇರಲಿಲ್ಲ. ಸಮಿತಿಯ ವರದಿಯನ್ನನುಸರಿಸಿ 1923ರಲ್ಲಿ ಬಂದ ಶಾಸನಗಳು ಆ ಸಭೆಯನ್ನು ಶಾಸನಬದ್ಧಗೊಳಿಸಿದವು. ಹೊಸ ತೆರಿಗೆಗಳ ಬಗ್ಗೆ, ಮಸೂದೆಗಳ ಮೂಲತತ್ತ್ವದ ಬಗ್ಗೆ ಅದರ ಅಭಿಪ್ರಾಯವನ್ನು ಕೇಳಬೇಕೆಂದಾಯಿತು. ನ್ಯಾಯವಿಧಾಯಕ ಸಭೆಯ ಸದಸ್ಯಸಂಖ್ಯೆ 50ಕ್ಕೇರಿತು. ಹೆಣ್ಣೆಂಬ ಕಾರಣಕ್ಕೆ ಮತದಾನವನ್ನು ನಿರಾಕರಿಸುವ ಪದ್ಧತಿ ತೊಲಗಿತು.

ಇದೆಲ್ಲ ನಮ್ಮ ಊರಿಗೆ ಹೊರಗಿನ ಸುದ್ದಿ. ಅಂದಿನ ಕೊಟ್ಟೂರು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಉಜ್ಜಿನಿಯನ್ನು ದಾಟಿ ಜಗಳೂರಿನ ಕಡೆ ನಡೆದರೆ ಮೈಸೂರು ಸೀಮೆ. ಆಚೆಯ ರೈತನಿಗೆ ಶೀಲರ ಶಾಸನ, ಈಚೆಯ ರೈತನಿಗೆ ಬ್ರಿಟಿಷರದು. ಆಡುವುದು ಒಂದೇ ಕನ್ನಡ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ನಾವು ಈಚೆಯವರೇ.

ಶೀಲರ ವ್ಯವಸ್ಥೆಯಲ್ಲಿ ಕೊರತೆಯೂ ಇತ್ತು. ಸಭೆ ಎಷ್ಟೇ ಮಾತಾಡಲಿ, ದಿವಾನರು ಅದಕ್ಕೆ ಹೊಣೆಗಾರರಾಗಿರಲಿಲ್ಲ. ಜವಾಬ್ದಾರಿ ಸರ್ಕಾರಕ್ಕೆ ಮೈಸೂರಿನ ಜನ 1947ರವರೆಗೆ ಕಾದು, ಚಳವಳಿ ಹೂಡಿ, ಸೆರೆಮನೆ ಕಾಣಬೇಕಾಯಿತು. ರಾಜನನ್ನೂ ಪ್ರಜೆಯನ್ನೂ ಒಂದೇ ದೇಹದ ಅಂಗಗಳೆಂದು ಕಂಡ ದಾರ್ಶನಿಕರಿಗೆ ಅವರಿಬ್ಬರ ಜಗಳ ಅಷ್ಟು ಗಟ್ಟಿಯಾಗಿ ಕೇಳಿಸಲಿಲ್ಲವೇನೋ ಎಂದು ನನಗೆ ತೋರುತ್ತದೆ. ಆದರೂ ತೆರಿಗೆ ಹೇರುವ ಮುನ್ನ ಪ್ರಜೆಯನ್ನು ಕೇಳಬೇಕೆಂಬುದನ್ನು ದೊರೆಯ ಔದಾರ್ಯಕ್ಕೆ ಬಿಡದೆ ಶಾಸನದಲ್ಲಿ ಬರೆಯಿಸಿದ್ದು ಸಾಮಾನ್ಯ ಕೆಲಸವಲ್ಲ. ಪುಸ್ತಕಗಳ ಎಣಿಕೆಯಲ್ಲಿ ಇಂಥ ವರದಿಯನ್ನು ಯಾರೂ ಸೇರಿಸುವುದಿಲ್ಲ, ನಾನೂ ಸೇರಿಸಿರಲಿಲ್ಲ.

ವಿಶ್ವವಿದ್ಯಾನಿಲಯದಲ್ಲಿಯೂ ಅವರ ಕೆಲಸ ಇದೇ ಬಗೆಯದು. 1924ರಲ್ಲಿ ವೈದ್ಯಕೀಯ ಕಾಲೇಜು ಬಂತು. 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ರಿಜಿಸ್ಟ್ರಾರರಾದರು. 1927ರಲ್ಲಿ ಕನ್ನಡ ಎಂ.ಎ. ತರಗತಿ ತೆರೆಯಿತು. ಅದಕ್ಕಾಗಿ ದುಡಿದವರು ಕನ್ನಡಿಗರೇ, ನಿಜ. ಆಗ ಉಪಕುಲಪತಿಯ ಪೀಠದಲ್ಲಿದ್ದವರು ಬಂಗಾಳಿ.

ಆರೋಗ್ಯ ಕೆಟ್ಟು 1930ರಲ್ಲಿ ಶೀಲರು ನಿವೃತ್ತರಾಗಿ ಕಲಕತ್ತೆಗೆ ಮರಳಿದರು. ಅವರ ಇಂಗ್ಲಿಷ್ ಕಾವ್ಯವೊಂದು 1936ರಲ್ಲಿ ಅಚ್ಚಾಯಿತು. 1938ರ ಡಿಸೆಂಬರ್ 3ರಂದು ಅವರು ತೀರಿಕೊಂಡರು. ಅವರ ಕಾಲದಲ್ಲಿ ಕನ್ನಡ ಎಂ.ಎ. ಓದಿ 1929ರಲ್ಲಿ ಹೊರಬಂದವರಲ್ಲಿ ಕುವೆಂಪು ಒಬ್ಬರು. ಅವರು ಮೊದಲು ಸೇರಬೇಕೆಂದಿದ್ದುದು ಶೀಲರ ತತ್ತ್ವಶಾಸ್ತ್ರಕ್ಕೇ, ಟಿ.ಎಸ್. ವೆಂಕಣ್ಣಯ್ಯನವರು ಮನವೊಲಿಸಿ ಕನ್ನಡದ ಕಡೆಗೆ ತಿರುಗಿಸಿದರು.